ನಮ್ಮತ್ತೆಗೆ ಮೂರು ಬಗೆಯ ಹೋಮ್ ಕೇರ್

ಸ್ಟ್ರೋಕ್ ಹೊಡೆದು ನಮ್ಮತ್ತೆಯ ಎಡಗೈ, ಎಡಗಾಲು ಸ್ವಾಧೀನ ತಪ್ಪಿದ ಮೇಲೆ ಬೆಂಗಳೂರಿನ ಮನೆಯಲ್ಲಿ ಮೂರು ಬಗೆಯ ಆರೈಕೆ ನೋಡಿದ್ದೇವೆ. ಮೊದಲು ದೊಡ್ಡ ಕಂಪನಿಯೊಂದರ 12 ಗಂಟೆಯ ಶಿಫ್ಟ್. ಆಮೇಲೆ ಏಜೆನ್ಸಿಯಿಂದ ಬಂದು ಮನೆಯಲ್ಲೇ ಉಳಿದ ಹೆಂಗಸು. ಈಗ ನಾವೇ ಗೊತ್ತು ಮಾಡಿಕೊಂಡ ಪಕ್ಕದ ಬೀದಿಯ ಅಕ್ಕ, ಜೊತೆಗೆ ವಾರಕ್ಕೊಮ್ಮೆ ಬರುವ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿದ ನರ್ಸ್.

ಚೆನ್ನಾಗಿ ನೋಡ್ಕೋತಾರಾ ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ನೋಡುವುದು ಚರ್ಮ. ಬೆನ್ನಿನ ತುದಿ, ಸೊಂಟದ ಮೂಳೆ, ಹಿಮ್ಮಡಿ. ಕೆಂಪಗಾದ ಜಾಗವನ್ನು ಬೆರಳಿಂದ ಒತ್ತಿ ಬಿಡಬೇಕು. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಸದ್ಯಕ್ಕೆ ಪರವಾಗಿಲ್ಲ. ಒತ್ತಿದರೂ ಕೆಂಪು ಹಾಗೇ ಇದ್ದರೆ ಬೆಡ್‌ಸೋರ್, ಅಂದರೆ ಒಂದೇ ಮಗ್ಗಲಲ್ಲಿ ಮಲಗಿ ಆಗುವ ಹುಣ್ಣು, ಶುರುವಾಗಿದೆ ಅಂತಲೇ. ಕಪ್ಪು ಚರ್ಮದಲ್ಲಿ ಇದು ಕಾಣುವುದು ಕಷ್ಟ. ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು.

ಕಂಪನಿಯವರ ಆ್ಯಪ್‌ನಲ್ಲಿ 2 ಗಂಟೆಗೊಮ್ಮೆ ಮಗ್ಗಲು ಬದಲಿಸಿದ್ದಕ್ಕೆ ಟಿಕ್ ಇರುತ್ತಿತ್ತು. ಆದರೆ ದಿನದ ಟಿಕ್‌ಗಳೆಲ್ಲ ಸಂಜೆ ಶಿಫ್ಟ್ ಮುಗಿಯುವಾಗ ಒಟ್ಟಿಗೆ ಬೀಳುತ್ತಿದ್ದವು! ಬೆನ್ನಿನ ತುದಿ ಕೆಂಪಾಗಿದ್ದೂ ಆಗಲೇ. ಹುಡುಗಿಯರು ಸೋಮಾರಿಗಳಲ್ಲ. ಪದೇ ಪದೇ ಬೇರೆಯವರು ಬರುತ್ತಿದ್ದರು, ಯಾವ ಕೈಗೆ ಶಕ್ತಿ ಇಲ್ಲ ಅನ್ನುವುದರಿಂದ ಮತ್ತೆ ಹೇಳಬೇಕಿತ್ತು.

ಏಜೆನ್ಸಿಯ ಹೆಂಗಸು ಊಟ ಮಾಡಿಸುವುದನ್ನು ನೋಡಬೇಕಿತ್ತು. ಅತ್ತೆಯನ್ನು ನೆಟ್ಟಗೆ ಕೂರಿಸಿ, ಗಂಜಿಯ ಒಂದೊಂದು ಚಮಚ ಬಾಯಿಯ ಬಲಗಡೆಗೆ ಇಟ್ಟು, ಗಂಟಲು ಆಡಿದ್ದು ಕಂಡ ಮೇಲೇ ಮುಂದಿನ ಚಮಚ. ಕೆಮ್ಮು ಬರುತ್ತಿರಲಿಲ್ಲ. ಊಟವಾದ ಮೇಲೂ ಅರ್ಧ ಗಂಟೆ ಮಲಗಿಸುತ್ತಿರಲಿಲ್ಲ. ಆದರೆ ರಾತ್ರಿ ಮಗ್ಗಲು ಬದಲಿಸುವವರಿಲ್ಲ. ಹಗಲೆಲ್ಲ ದುಡಿದವಳು ರಾತ್ರಿಯೂ ಎದ್ದೇಳಬೇಕು ಅನ್ನುವುದು ನ್ಯಾಯವೂ ಅಲ್ಲ, ಅಲ್ವಾ?

ಈಗ ಚರ್ಮ ಚೆನ್ನಾಗಿದೆ. ನರ್ಸ್ ಗೋಡೆಗೆ ಅಂಟಿಸಿದ ಚಾರ್ಟ್‌ನಲ್ಲಿ ಎಡ, ಬಲ, ಅಂಗಾತ ಅಂತ ಮಗ್ಗಲು ಬದಲಿಸಿದ ಕೂಡಲೇ ಬರೆಯುತ್ತೇವೆ. ವಾರಕ್ಕೊಮ್ಮೆ ಬಂದಾಗ ಅವರು ಚಾರ್ಟ್ ನಂಬದೆ ಬೆನ್ನನ್ನೇ ನೋಡುತ್ತಾರೆ. ದೊಡ್ಡ ವ್ಯತ್ಯಾಸ ಇದೇ ಅನ್ನಿಸುತ್ತದೆ.

ಹಾಗಂತ ಪೂರ್ತಿ ಮಾರ್ಕು ಇವರಿಗೇ ಕೊಡುವ ಹಾಗಿಲ್ಲ. ರಾತ್ರಿ ಏಳುವುದು ನಾನು, ನಮ್ಮ ಯಜಮಾನರು. ಅದಲ್ಲದೆ ಅತ್ತೆ ಈಗ ಬಲಗಾಲು ಊರಿ ತಾವೇ ಸ್ವಲ್ಪ ಹೊರಳುತ್ತಾರೆ. ಊಟ, ಸ್ನಾನ, ನಡಿಗೆಯಂಥ 10 ವಿಷಯದಲ್ಲಿ ತಾವೇ ಎಷ್ಟು ಮಾಡಿಕೊಳ್ಳುತ್ತಾರೆ ಅಂತ ನೋಡಿ ಒಟ್ಟು 100ಕ್ಕೆ ಅಂಕ ಹಾಕುವ ಬಾರ್ತೆಲ್ ಸ್ಕೋರ್ ಅಂತ ಇದೆ, ಅದೂ ಏರಿದೆ. ಕಂಪನಿಯವರಿಗೆ ಸಿಕ್ಕಿದ್ದು ಅಲುಗಾಡಲೂ ಆಗದ ಅತ್ತೆ.

ಅಕ್ಕ ಯುಗಾದಿಗೆ ಊರಿಗೆ ಹೊರಟರೆ ನಾವು ಫೋನ್ ಮಾಡುವುದು ಆ ಕಂಪನಿಗೇ. ಬದಲಿ ಜನ ಬೇಗ ಕಳಿಸುವುದರಲ್ಲಿ ಉಳಿದಿಬ್ಬರೂ ಅವರ ಹತ್ತಿರಕ್ಕೂ ಬರುವುದಿಲ್ಲ.