ಆರಡಿ ಹುಡುಗ, ಒಳಕ್ಕೆ ವಾಲುವ ಕಾಲು: ನಾಲ್ಕು ಥರದ ಸ್ಪೀಡ್ ಸ್ಕೇಟ್ ಹಾಕಿಸಿ ನೋಡಿದ್ದು

ನನ್ನ ಮಗನಿಗೆ 15 ವರ್ಷ, 6 ಅಡಿ ಎತ್ತರ. ಒಂದೂವರೆ ವರ್ಷದಲ್ಲಿ 11 ಸೆಂ.ಮೀ. ಬೆಳೆದಿದ್ದಾನೆ. ಅವನ ತಾತ ಅವನನ್ನು ಕರೆಯೋದೇ ಕೊಕ್ಕರೆ ಅಂತ. ಇನ್‌ಲೈನ್ ಸ್ಕೇಟ್ (ಚಕ್ರಗಳು ಒಂದೇ ಸಾಲಲ್ಲಿರೋದು) ಹಾಕಿ ನಿಂತಾಗ ಹಿಂದಿನಿಂದ ನೋಡಿದರೆ ಆ ಹೆಸರು ಇನ್ನೂ ಚೆನ್ನಾಗಿ ಒಪ್ಪುತ್ತಿತ್ತು. ಕಡ್ಡಿಯಂಥ ಉದ್ದನೆ ಕಾಲು, ಕೆಳಗೆ ಗಿಣ್ಣುಗಳೆರಡೂ ಒಳಕ್ಕೆ ವಾಲಿಕೊಂಡು ಒಂದರ ಮುಖ ಒಂದು ನೋಡುತ್ತಿರೋದು. ಆರನೇ ಕ್ಲಾಸಲ್ಲಿ ಬಲಗಾಲು ಎರಡು ಸಲ ಉಳುಕಿತ್ತು, ಅದೂ ಸೇರಿತು. "ಇವನಿಗೆ ಆಂಕಲ್ ವೀಕ್ ಮೇಡಂ, ಸಪೋರ್ಟ್ ಇರೋ ಸ್ಕೇಟ್ ನೋಡಿ" ಅಂದರು ಕೋಚ್ ಸರ್.

ಅಲ್ಲಿಂದ ಎಂಟು ತಿಂಗಳಲ್ಲಿ ನಾಲ್ಕು ಥರ ಹಾಕಿಸಿ ನೋಡಿದೆವು. ಬ್ರಾಂಡ್ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಒಂದೇ ಕಂಪನಿಯಲ್ಲೂ ಇವಿಷ್ಟೂ ಥರ ಸಿಗುತ್ತವೆ.

ಪರೀಕ್ಷೆ ಮಾಡಿದ್ದು ಕೆಂಗೇರಿ ಆಚೆ, ಸೈಟ್ ಹಾಕಿ ಬಿಟ್ಟಿರೋ ಒಂದು ಹೊಸ ಲೇಔಟಲ್ಲಿ. ಮನೆಗಳಿನ್ನೂ ಬಂದಿಲ್ಲ, ಟಾರು ನುಣ್ಣಗಿದೆ, ಕರೆಂಟ್ ಕಂಬ ಮಾತ್ರ ಸಾಲಾಗಿ ನಿಂತಿವೆ. ಬೆಳಿಗ್ಗೆ ಆರಕ್ಕೆ ನಾಯಿಗಳು ಬಿಟ್ಟರೆ ಯಾರೂ ಇರಲ್ಲ. ನಾನು ಅಕೌಂಟ್ಸ್ ಕೆಲಸದವಳು, ಎಲ್ಲಾ ಎಕ್ಸೆಲ್ ಶೀಟಲ್ಲಿ ಬರೆದಿಟ್ಟೆ. ಅಳತೆ ಎರಡೇ. 300 ಮೀಟರ್‌ಗೆ ಎಷ್ಟು ಸೆಕೆಂಡ್. ಮತ್ತೆ, ಒಂದು ಕಂಬದ ಹತ್ತಿರ ಒಂದು ಕಾಲು ಎತ್ತಿದರೆ ಇನ್ನೊಂದು ಕಾಲಲ್ಲೇ ಮುಂದಿನ ಕಂಬದವರೆಗೆ ಜಾರಿಕೊಂಡು ಹೋಗ್ತಾನಾ ಇಲ್ವಾ. ನನಗೆ ಈ ಎರಡನೇದರ ಮೇಲೇ ನಂಬಿಕೆ ಜಾಸ್ತಿ. ಜೋರಾಗಿ ಕಾಲು ಬಡಿದು ಟೈಮ್ ತರಬಹುದು, ಒಂಟಿ ಕಾಲಲ್ಲಿ ಸುಳ್ಳು ಹೇಳೋಕಾಗಲ್ಲ.

ಮೊದಲನೇದು ಅಕ್ಕನ ಮಗನಿಂದ ತಂದ ಫಿಟ್‌ನೆಸ್ ಸ್ಕೇಟ್. ಗಿಣ್ಣಿನ ಮೇಲೆ ನಾಲ್ಕು ಬೆರಳು ಬರೋ ಗಟ್ಟಿ ಪ್ಲಾಸ್ಟಿಕ್ ಕಫ್, ಬಕಲ್, 84 ಮಿ.ಮೀ. ಚಕ್ರ ನಾಲ್ಕು, ಹಿಮ್ಮಡಿ ಹಿಂದೆ ರಬ್ಬರ್ ಬ್ರೇಕ್. ಹಾಕಿದ ತಕ್ಷಣ ಕಾಲು ನೆಟ್ಟಗಾಯಿತು. ನಾನಂತೂ ಸಮಸ್ಯೆ ಮುಗಿಯಿತು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅವನು ಕಾಲಿನ ಮೇಲೆ ನಿಂತಿರಲಿಲ್ಲ, ಕಫ್‌ಗೆ ಒರಗಿ ನಿಂತಿದ್ದ. ಸ್ಪೀಡ್ ಸ್ಕೇಟಿಂಗ್‌ನಲ್ಲಿ ಮಂಡಿ ಚೆನ್ನಾಗಿ ಬಗ್ಗಬೇಕು. ಮಂಡಿ ಬಗ್ಗಬೇಕಾದರೆ ಗಿಣ್ಣು ಮುಂದಕ್ಕೆ ಮಡಚಬೇಕು. ಕಫ್ ಅದಕ್ಕೆ ಬಿಡಲಿಲ್ಲ. ಉದ್ದ ಕಾಲಿನವನು ಬಗ್ಗದೇ ಹೋದರೆ ಏಣಿ ತಳ್ಳಿಕೊಂಡು ಹೋದ ಹಾಗಿರುತ್ತೆ. ಎರಡನೇ ವಾರಕ್ಕೆ ಕಣಕಾಲಿನ ಮುಂದೆ ಕೆಂಪಗೆ ಬರೆ ಎದ್ದಿತ್ತು. 300 ಮೀಟರ್‌ಗೆ 46 ಸೆಕೆಂಡ್. ಕಂಬದಿಂದ ಕಂಬಕ್ಕೆ ಹೋದ, ಆದರೆ ಕಡ ತಂದ ಬಲದಲ್ಲಿ. ಪಾರ್ಕಲ್ಲಿ ಆಡೋಕೆ, ಭಾನುವಾರ ಗಾಡಿ ಬಿಡದ ಕಬ್ಬನ್ ಪಾರ್ಕ್ ರಸ್ತೆಯಲ್ಲಿ ಸುತ್ತು ಹೊಡೆಯೋಕೆ ಇದು ಬಹಳ ಒಳ್ಳೇದು. ಬ್ರೇಕ್ ಇದೆ ಅನ್ನೋದೇ ತಾಯಿಗೆ ಅರ್ಧ ನಿದ್ದೆ ಕೊಡುತ್ತೆ. ರೇಸ್‌ಗೆ ಆಗಲ್ಲ.

ಎರಡನೇದರ ಕಥೆಯಲ್ಲಿ ತಪ್ಪು ಪೂರ್ತಿ ನನ್ನದು. 2025ರ ಸೆಪ್ಟೆಂಬರ್‌ನಲ್ಲಿ ಚೀನಾದಲ್ಲಿ ನಡೆದ ಸ್ಪೀಡ್ ಸ್ಕೇಟಿಂಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಮ್ಮ ಆನಂದ್‌ಕುಮಾರ್ ವೇಲ್‌ಕುಮಾರ್ 1,000 ಮೀಟರ್ ಚಿನ್ನ ಗೆದ್ದರಲ್ಲ, ಆ ವಿಡಿಯೋ ನಮ್ಮ ಮನೆಯಲ್ಲಿ ಎಷ್ಟು ಸಲ ಓಡಿತೋ ಲೆಕ್ಕವಿಲ್ಲ. ಅಂಥ ದೊಡ್ಡ ಸ್ಕೇಟರ್‌ಗಳು ಹಾಕೋದು ಗಿಣ್ಣಿನ ಹತ್ತಿರಕ್ಕೇ ಮುಗಿಯೋ ಕಾರ್ಬನ್ ಬೂಟು. "ಅಮ್ಮಾ, ನಂಗೂ ಅದೇ ಬೇಕು." ವಾಟ್ಸಾಪ್ ಗ್ರೂಪಲ್ಲಿ ಸೆಕೆಂಡ್ ಹ್ಯಾಂಡ್ ಜೋಡಿ ಬಂತು, 110 ಮಿ.ಮೀ. ಚಕ್ರ ನಾಲ್ಕು, 16 ಸಾವಿರ. ಎತ್ತರದ ಹುಡುಗನಿಗೆ ದೊಡ್ಡ ಚಕ್ರವೇ ಸರಿ ಅಂತ ಎಲ್ಲರೂ ಹೇಳಿದರು. ಪಾದ 280 ಮಿ.ಮೀ., ಬೂಟು ಅದಕ್ಕಿಂತ ಒಂದು ಸೈಜ್ ದೊಡ್ಡದು. ಬೆಳೆಯೋ ಹುಡುಗ, ಇರಲಿ ಅಂದೆ. ಯೂನಿಫಾರ್ಮ್ ಪ್ಯಾಂಟಿಗೆ ಎರಡು ಬೆರಳು ಬಟ್ಟೆ ಮಡಚಿ ಹೊಲಿಸೋ ಬುದ್ಧಿ ನಮ್ಮದು, ಬೂಟಿಗೂ ಅದೇ ಹಾಕಿದೆ.

ಬೂಟಲ್ಲಿ ಮಡಚಿಡೋಕೆ ಜಾಗ ಇಲ್ಲ. ಹಿಮ್ಮಡಿ ಒಳಗೆ ಮೇಲೆ ಕೆಳಗೆ ಕುಣಿಯುತ್ತಿತ್ತು. ಅವನು ಎರಡು ಜೊತೆ ಸಾಕ್ಸ್ ಹಾಕಿದ, ಲೇಸ್ ಎಳೆದೂ ಎಳೆದೂ ಬೆರಳು ಜೋಮು ಹಿಡಿಸಿಕೊಂಡ. ಚಕ್ರ ದೊಡ್ಡದಾದಷ್ಟೂ ಕಾಲು ನೆಲದಿಂದ ಮೇಲೆ ಹೋಗುತ್ತೆ. 90 ಮಿ.ಮೀ. ಚಕ್ರದಿಂದ 110ಕ್ಕೆ ಹೋದರೆ ಆಕ್ಸಲ್ಲೇ (ಚಕ್ರದ ಅಚ್ಚು) 10 ಮಿ.ಮೀ. ಮೇಲೆ. ಒಂದು ಸೆಂಟಿಮೀಟರ್ ತಾನೇ ಅನ್ನಿಸುತ್ತೆ. ಆದರೆ ಮೊದಲೇ ವಾಲೋ ಕಾಲಿಗೆ ಇನ್ನೊಂದು ಮೆಟ್ಟಿಲು ಏರಿಸಿದ ಹಾಗೆ, ಚೂರು ವಾಲಿದರೂ ಬೀಳೋ ದೂರ ಜಾಸ್ತಿ. 300 ಮೀಟರ್ 44 ಸೆಕೆಂಡ್‌ಗೆ ಬಂತು, ನಿಜ. ಎಡಗಾಲಲ್ಲಿ ಮಾತ್ರ ಅರ್ಧ ಕಂಬಕ್ಕೇ ಇನ್ನೊಂದು ಕಾಲು ಕೆಳಗೆ. ಮೂರು ವಾರದ ನಂತರ ಚಕ್ರ ಬಿಚ್ಚಿ ನೋಡಿದರೆ ಒಳಗಡೆ ಅಂಚು ಸವೆದು ಇಳಿಜಾರಾಗಿತ್ತು, ಹೊರಗಡೆ ಅಂಚಿನಲ್ಲಿ ಹೊಸ ಚಕ್ರದಂಥ ಹೊಳಪು ಹಾಗೇ ಇತ್ತು. ಡಾಕ್ಟರ್ ಹತ್ತಿರ ಹೋಗೋ ಮೊದಲು ನಿಮ್ಮ ಮಗುವಿನ ಚಕ್ರಗಳನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ, ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತೆ.

ಈ ಮಧ್ಯೆ ಆಂಕಲ್ ಬ್ರೇಸ್ ಕೂಡ ತಂದೆವು. ಬೂಟೊಳಗೆ ಅದು ಮುದುರಿ ಗುಳ್ಳೆ ಎದ್ದಿತು, ಬಿಟ್ಟೆವು.

ಮೂರನೇದಕ್ಕೆ ಹೊಸದೇ ತೆಗೆದುಕೊಂಡೆವು, 27 ಸಾವಿರ. ಇದು ನಡುವಿನ ಥರ. ತಳ ಮತ್ತು ಪಕ್ಕ ಗಟ್ಟಿ ಕಾರ್ಬನ್, ಮೇಲೆ ಗಿಣ್ಣು ಮುಚ್ಚುವಷ್ಟು ಎತ್ತರ, ಹಿಂದೆ ಮುಂದೆ ಮಡಚಲು ಬಿಡುತ್ತೆ, ಪಕ್ಕಕ್ಕೆ ಬಿಡಲ್ಲ. ಈ ಸಲ ಸೈಜನ್ನು ಮಿಲಿಮೀಟರ್‌ನಲ್ಲೇ ನೋಡಿದೆ. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರೋವಾಗ, ಗೋಡೆಗೆ ಹಿಮ್ಮಡಿ ಒತ್ತಿ ನಿಲ್ಲಿಸಿ ಎರಡೂ ಪಾದ ಅಳೆದೆ. ಬಲಗಾಲು 4 ಮಿ.ಮೀ. ದೊಡ್ಡದು ಅಂತ ಅವತ್ತೇ ಗೊತ್ತಾಗಿದ್ದು. ನೆಟ್ಟಗೆ ನಿಂತಾಗ ಹೆಬ್ಬೆರಳು ಬೂಟಿನ ತುದಿಗೆ ಸೋಕಬೇಕು, ಮಂಡಿ ಬಗ್ಗಿಸಿದಾಗ ಬಿಡಬೇಕು. ಅಷ್ಟು ಬಿಗಿ.

ಬಿಗಿ ಅಂದಮೇಲೆ ಒಳಗಡೆ ಗಿಣ್ಣಿನ ಮೂಳೆಗೆ ಒತ್ತಿತು. ಈ ಬೂಟುಗಳನ್ನು ಬಿಸಿ ಮಾಡಿ ಕಾಲಿಗೆ ಹೊಂದಿಸಬಹುದು. ಓವನ್ ಒಳಗಿಟ್ಟು ಬಿಸಿ ಮಾಡಿ ಅಂತ ಡಬ್ಬದ ಮೇಲೆ ಬರೆದಿತ್ತು. ನಮ್ಮ ಮನೆಯ ಒಟಿಜಿಗೆ ಕೇಕ್ ಹಿಡಿಸುತ್ತೆ, ಅವನ ಬೂಟು ಹಿಡಿಸಲಿಲ್ಲ. ಅಡ್ಡ ಇಟ್ಟರೂ ಬಾಗಿಲು ಹಾಕೋಕಾಗಲಿಲ್ಲ. ಕೊನೆಗೆ ನನ್ನ ಹೇರ್ ಡ್ರೈಯರ್. ಮೂಳೆ ತಾಗೋ ಜಾಗಕ್ಕೆ ಅವನ ಲಿಪ್‌ಸ್ಟಿಕ್ ಗುರುತು (ನನ್ನ ಲಿಪ್‌ಸ್ಟಿಕ್, ಅವನ ಕಾಲು), ಆ ಒಂದೇ ಜಾಗಕ್ಕೆ ಬಿಸಿಗಾಳಿ, ಮೆತ್ತಗಾದಾಗ ಒಳಗಿನಿಂದ ಲಟ್ಟಣಿಗೆ ತುದಿಯಲ್ಲಿ ಒತ್ತಿ ಆರೋವರೆಗೆ ಹಿಡಿದುಕೊಂಡೆ. ಎರಡು ಸಂಜೆ ಇದೇ ಕೆಲಸ. ಒಂದು ಚಿಕ್ಕ ಗುಳಿ ಬಿತ್ತು, ಅದರಲ್ಲಿ ಮೂಳೆ ಹೋಗಿ ಕೂತಿತು. ಲಟ್ಟಣಿಗೆ ತೊಳೆದು ಚಪಾತಿ ಮಾಡಿದೆ, ಅತ್ತೆಗೆ ಹೇಳಿಲ್ಲ.

ಈ ಬೂಟಿಗೆ ಮೊದಲು ಮೂರು ಚಕ್ರದ ಫ್ರೇಮ್ (ಬೂಟಿನ ತಳಕ್ಕೆ ಬೋಲ್ಟ್ ಹಾಕಿ ಚಕ್ರ ಕೂರಿಸೋ ಪಟ್ಟಿ), 110 ಮಿ.ಮೀ. ಚಕ್ರ. ಮೂರು ಚಕ್ರ ಈಗಿನ ಫ್ಯಾಷನ್, ಅದಕ್ಕೆ ಕಾರಣವೂ ಇದೆ. ಫ್ರೇಮ್ ಚಿಕ್ಕದು, ಹಗುರ, ತಿರುವಲ್ಲಿ ಚುರುಕು, ಚಿಕ್ಕಪುಟ್ಟ ಕಲ್ಲು ಲೆಕ್ಕಕ್ಕಿಲ್ಲ. ಟೈಮ್ 42. ಆದರೆ ಆರಡಿ ಹುಡುಗನ ಕೆಳಗೆ ಅಷ್ಟು ಚಿಕ್ಕ ಫ್ರೇಮ್ ಇಟ್ಟರೆ ಹಿಂದೆ ಮುಂದೆ ತೂಗುಯ್ಯಾಲೆ. ಕೊನೆಯ 50 ಮೀಟರ್‌ನಲ್ಲಿ ಸುಸ್ತಾದಾಗ ಅವನ ಕಾಲು ನಡುಗೋದು ನನಗೆ ದೂರದಿಂದಲೇ ಕಾಣುತ್ತಿತ್ತು. ಐದಡಿಯ ಹುಡುಗಿಗೆ ಇದೇ ಸ್ಕೇಟ್ ಕೊಡಿ ಅಂತ ಕಣ್ಣು ಮುಚ್ಚಿ ಹೇಳುತ್ತೇನೆ. ನಮ್ಮ ಕೊಕ್ಕರೆಗೆ ಹೊಂದಲಿಲ್ಲ.

ನಾಲ್ಕನೇದು ಅದೇ ಬೂಟು, ಬೇರೆ ಫ್ರೇಮ್. ಇಲ್ಲೊಂದು ಎಡವಟ್ಟು ಮಾಡಿದೆ, ನೀವು ಮಾಡಬೇಡಿ. ಕಮ್ಮಿಗೆ ಸಿಕ್ಕಿತು ಅಂತ ಒಂದು ಫ್ರೇಮ್ ತಂದೆ, ಬೋಲ್ಟ್ ಕೂರಲೇ ಇಲ್ಲ. ಬೂಟಿನ ತಳದ ಎರಡು ತೂತುಗಳ ನಡುವಿನ ಅಂತರ 195 ಮಿ.ಮೀ., ಆ ಫ್ರೇಮಿನದು 165. ಸ್ಪೀಡ್ ಸ್ಕೇಟಲ್ಲಿ ಈ ಎರಡೂ ಅಳತೆ ಚಾಲ್ತಿಯಲ್ಲಿವೆ. ಅಂಗಡಿಗೆ ಹೋಗೋ ಮೊದಲು ಸ್ಕೇಲ್ ಇಟ್ಟು ನೋಡಿಕೊಳ್ಳಿ. ಆಮೇಲೆ 195ರದ್ದೇ ತಂದೆ, ನಾಲ್ಕು ಚಕ್ರದ್ದು, 12.8 ಇಂಚು, 100 ಮಿ.ಮೀ. ಚಕ್ರಕ್ಕೆ ಮಾಡಿದ್ದು. ಕೋಚ್ ಸರ್ ಒಂದು ಉಪಾಯ ಹೇಳಿದರು: ಅದಕ್ಕೆ ಮೊದಲು 90ರ ಚಕ್ರ ಹಾಕಿ ಓಡಿಸಿ. ಫ್ರೇಮ್ ಉದ್ದವೇ ಇರುತ್ತೆ, ಕಾಲು 5 ಮಿ.ಮೀ. ಕೆಳಗಿಳಿಯುತ್ತೆ, ಖರ್ಚು ಚಕ್ರದ್ದು ಮಾತ್ರ.

ಜೊತೆಗೆ ಇನ್ನೊಂದು ಕೆಲಸ, ಅದಕ್ಕೆ ಒಂದು ರೂಪಾಯಿಯೂ ಬೇಡ. ಬೋಲ್ಟ್ ಸಡಿಲಿಸಿ ಫ್ರೇಮನ್ನು 3 ಮಿ.ಮೀ. ಒಳಗಡೆಗೆ, ಅಂದರೆ ಹೆಬ್ಬೆರಳಿನ ಕಡೆಗೆ ಸರಿಸಿದರು. ಕಾಲು ಒಳಕ್ಕೆ ವಾಲುತ್ತಿದ್ದರೆ ಚಕ್ರವನ್ನು ಆ ವಾಲೋ ಜಾಗದ ಕೆಳಕ್ಕೇ ತರೋದು. ವಾಲೋ ಗೋಡೆಗೆ ಊರುಗೋಲು ಕೊಟ್ಟ ಹಾಗೆ. ಬಲಗಾಲಿಗೆ 3 ಸಾಕಾಯಿತು, ಎಡಗಾಲಿಗೆ ಇನ್ನೂ ಒಂದು ಸೇರಿಸಬೇಕಾಯಿತು. ಪ್ರತಿ ಸಲವೂ ಅಲೆನ್ ಕೀ ತಿರುಗಿಸಿ, ಒಂದು ಸುತ್ತು ಓಡಿಸಿ, ಹಿಂದೆ ಕೂತು ನೋಡಿ, ಮತ್ತೆ ತಿರುಗಿಸಿ. ಎರಡು ಸೈಜ್ ಚಕ್ರ, ಮೂರು ಥರ ಬೇರಿಂಗ್ ಅಂತ ತಲೆ ಕೆಡಿಸಿಕೊಳ್ಳೋ ಅಪ್ಪಅಮ್ಮಂದಿರು ಈ ಅರ್ಧ ಗಂಟೆ ಕೊಡಬೇಕು. ಬೇರಿಂಗ್ ವಿಷಯ ನಾನು ಬರೆಯೋದೇ ಇಲ್ಲ, ನಮ್ಮ ಮಟ್ಟಕ್ಕೆ ಅದರಿಂದ ಏನೂ ಆಗಲ್ಲ.

90ರಲ್ಲಿ ಎರಡು ತಿಂಗಳು ಓಡಿಸಿ 100ಕ್ಕೆ ಬಂದೆವು. ಈಗ 39 ಸೆಕೆಂಡ್. ಬಲಗಾಲಲ್ಲಿ ಎರಡು ಕಂಬ ದಾಟುತ್ತಾನೆ, ಎಡಗಾಲಲ್ಲಿ ಒಂದೂವರೆ. ಚಕ್ರ ಈಗಲೂ ಒಳಗಡೆಗೇ ಸ್ವಲ್ಪ ಜಾಸ್ತಿ ಸವೆಯುತ್ತೆ, ಅದು ತಳ್ಳುವಾಗ ಎಲ್ಲರಿಗೂ ಆಗುತ್ತೆ. ಹೊರಗಡೆ ಅಂಚೂ ಮಂಕಾಗಿದೆ, ಅಂದರೆ ಆ ಅಂಚಿನ ಮೇಲೂ ಭಾರ ಬೀಳುತ್ತಿದೆ, ನನಗೆ ಅದು ಖುಷಿ.

ಪೂರ್ತಿ ಶ್ರೇಯಸ್ಸು ಸ್ಕೇಟಿಗೆ ಕೊಟ್ಟರೆ ಫಿಸಿಯೋ ಬೇಜಾರು ಮಾಡಿಕೊಳ್ಳುತ್ತಾರೆ. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲು, ಮೆಟ್ಟಿಲ ತುದಿಯಲ್ಲಿ ಹಿಮ್ಮಡಿ ಎತ್ತಿ ಇಳಿಸು ಅಂದಿದ್ದರು. ಮೊದಲ ದಿನ ಪೇಸ್ಟ್ ಸಮೇತ ಸಿಂಕ್ ಹಿಡಿದುಕೊಂಡ. ಈಗ ಕಣ್ಣು ಮುಚ್ಚಿಕೊಂಡೂ ನಿಲ್ಲುತ್ತಾನೆ. "ನಾನು ಕೊಕ್ಕರೆ ಅಂದಿದ್ದು ಸುಮ್ನೆ ಅಲ್ಲ" ಅಂತಾರೆ ಅವನ ತಾತ.

ಆ ಸೆಕೆಂಡ್ ಹ್ಯಾಂಡ್ ಕಾರ್ಬನ್ ಜೋಡಿ ಇನ್ನೂ ಅಟ್ಟದ ಮೇಲಿದೆ. ಭಾನುವಾರ ಬಂದರೆ ಒಂದು ಸಲ ಕೇಳುತ್ತಾನೆ. ಎಡಗಾಲಲ್ಲಿ ಎರಡು ಕಂಬ ದಾಟಿ ತೋರಿಸು, ಇಳಿಸಿಕೊಡ್ತೀನಿ ಅಂದಿದ್ದೇನೆ. ಹೋದ ವಾರ ಎರಡನೇ ಕಂಬಕ್ಕೆ ನಾಲ್ಕು ಹೆಜ್ಜೆ ಬಾಕಿ ಇತ್ತು.