ನಾಲ್ಕು ವರ್ಷ ತುಳಿದ ಮೇಲೆ: ಮ್ಯಾಗ್ನೆಟಿಕ್ ವ್ಯಾಯಾಮ ಸೈಕಲ್

ಈ ನಾಲ್ಕು ವರ್ಷಗಳಲ್ಲಿ ಬೆಲ್ಟ್ ಒಮ್ಮೆ ಬದಲಾಯಿಸಿದ್ದೇನೆ, ಪೆಡಲಿನ ಬೇರಿಂಗ್ ಒಮ್ಮೆ. ಸೀಟಿನ ಹೊದಿಕೆ ಹರಿದುಹೋಗಿದೆ. ಬ್ರೇಕಿನಲ್ಲಿ ಮಾತ್ರ ಏನನ್ನೂ ಬದಲಾಯಿಸುವ ಪ್ರಸಂಗವೇ ಬಂದಿಲ್ಲ.

ಮೊದಲು ನನ್ನಲ್ಲಿದ್ದದ್ದು ಫೆಲ್ಟ್ ಪ್ಯಾಡಿನ ಸೈಕಲ್. ಪ್ಯಾಡ್ ಚಕ್ರಕ್ಕೆ ಉಜ್ಜಿ ಉಜ್ಜಿ ನೆಲದ ಮೇಲೆಲ್ಲ ಪುಡಿ ಉದುರುತ್ತಿತ್ತು. ಬೆಳಗಿನ ಜಾವ ತುಳಿದರೆ ಮನೆಮಂದಿಗೆಲ್ಲ ಎಚ್ಚರ. ಇದರಲ್ಲಿ ಉಜ್ಜುವ ಮಾತೇ ಇಲ್ಲ. ಅಲ್ಯೂಮಿನಿಯಂ ಚಕ್ರದ ಅಂಚಿಗೆ ಎರಡೂ ಬದಿಯಲ್ಲಿ ಅಯಸ್ಕಾಂತಗಳಿವೆ, ನಡುವೆ ತೆಳ್ಳಗಿನ ಸಂದು. ಅಲ್ಯೂಮಿನಿಯಮಿಗೆ ಅಯಸ್ಕಾಂತ ಅಂಟುವುದಿಲ್ಲವಲ್ಲ, ಮತ್ತೆ ತಡೆಯುವುದು ಹೇಗೆ ಎಂದು ನಾನೂ ತಲೆ ಕೆರೆದುಕೊಂಡಿದ್ದೆ. ಚಕ್ರ ತಿರುಗುವಾಗ ಅದರ ಒಂದೊಂದು ಭಾಗವೂ ಕಾಂತಕ್ಷೇತ್ರದೊಳಗೆ ನುಗ್ಗಿ ಹೊರಬರುತ್ತದೆ. ಆಗ ಲೋಹದೊಳಗೇ ವಿದ್ಯುತ್ತು ನೀರಿನ ಸುಳಿಯಂತೆ ಸುತ್ತತೊಡಗುತ್ತದೆ. ಈ ಸುಳಿಪ್ರವಾಹ, ಅಂದರೆ ಎಡ್ಡಿ ಕರೆಂಟ್, ತನ್ನನ್ನು ಹುಟ್ಟಿಸಿದ ಚಲನೆಗೇ ಅಡ್ಡಗಾಲು ಹಾಕುತ್ತದೆ. ಹಳೆಯ ಕರೆಂಟ್ ಮೀಟರಿನ ತಟ್ಟೆ ಅಂಕೆ ಮೀರದಂತೆ ನೋಡಿಕೊಳ್ಳುತ್ತಿದ್ದುದೂ ಇದೇ ಉಪಾಯ.

ತುಳಿತದ ಹದ ನನಗೆ ಬಹಳ ಹಿಡಿಸಿದೆ. ಜೋರಾಗಿ ತುಳಿದಷ್ಟೂ ಎದುರೊತ್ತು ಹೆಚ್ಚುತ್ತದೆ. ಒಂದೇ ಲೆವೆಲ್‌ನಲ್ಲಿ ನಿಮಿಷಕ್ಕೆ 60 ಸುತ್ತಿನಿಂದ 90ಕ್ಕೆ ಏರಿದರೆ ಕಾಲು ಹಾಕಬೇಕಾದ ಶಕ್ತಿ ಸುಮಾರು ಎರಡೂಕಾಲು ಪಟ್ಟಾಗುತ್ತದೆ. ಹುಮ್ಮಸ್ಸಿನಲ್ಲಿ ಮೊದಲ ವಾರವೇ ಮಂಡಿ ನೋಯಿಸಿಕೊಂಡವನ ಮಾತಿದು.

ದೂರು ಇರುವುದು ವಾಟ್ ತೋರಿಸುವ ಪರದೆಯ ಬಗ್ಗೆ. ಅರ್ಧ ಗಂಟೆ ಕಳೆದ ಮೇಲೆ ಅದೇ ಲೆವೆಲ್, ಅದೇ ವೇಗ, ಪರದೆಯಲ್ಲೂ ಅದೇ ಅಂಕಿ. ಕಾಲಿಗೆ ಮಾತ್ರ ಹಗುರ. ನನಗೆ ಪಳಗಿತು ಎಂದು ಹಿಗ್ಗಿದ್ದೆ! ತುಳಿದ ಶಕ್ತಿಯೆಲ್ಲ ಕೊನೆಗೆ ಚಕ್ರದಲ್ಲಿ ಬಿಸಿಯಾಗಿ ಕೂರುತ್ತದೆ. 1855ರಲ್ಲಿ ಫ್ರೆಂಚ್ ವಿಜ್ಞಾನಿ ಫೂಕೋ ತಾಮ್ರದ ತಟ್ಟೆಯನ್ನು ಅಯಸ್ಕಾಂತದ ಧ್ರುವಗಳ ನಡುವೆ ತಿರುಗಿಸಿದಾಗ ಕಂಡದ್ದೂ ಈ ಬಿಸಿಯೇ. ಅಲ್ಯೂಮಿನಿಯಂ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರ ವಿದ್ಯುತ್ ರೋಧ ಸುಮಾರು ಶೇ 4ರಷ್ಟು ಏರುತ್ತದೆ. ಸುಳಿ ಅಷ್ಟು ಸೊರಗುತ್ತದೆ, ಬ್ರೇಕೂ ಸಡಿಲವಾಗುತ್ತದೆ. ನನ್ನ ಸೈಕಲ್ ಬಲವನ್ನು ಅಳೆಯುವುದೇ ಇಲ್ಲ, ಲೆವೆಲ್ ಮತ್ತು ವೇಗ ನೋಡಿ ಲೆಕ್ಕ ಕಟ್ಟಿ ಹೇಳುತ್ತದೆ. ನಿಖರ ಅಂಕಿ ಬೇಕಾದವರು ಪವರ್ ಮೀಟರ್ ಇರುವುದನ್ನೇ ಕೊಳ್ಳಿ.

ಮೂರನೇ ವರ್ಷ ಅಯಸ್ಕಾಂತವನ್ನು ಹತ್ತಿರ ತರುವ ಕೇಬಲ್ ಸಡಿಲವಾಗಿ, 8ನೇ ಲೆವೆಲ್ 6ರಂತಾಗಿತ್ತು. ಸ್ಕ್ರೂ ಬಿಗಿದೆ, ಸರಿಹೋಯಿತು.

ಒಂದು ಎಚ್ಚರಿಕೆ. ವೇಗ ಇಳಿದಂತೆ ಸುಳಿಯೂ ಇಳಿಯುತ್ತದೆ, ನಿಂತ ಚಕ್ರವನ್ನು ಈ ಬ್ರೇಕ್ ಹಿಡಿದಿಡಲಾರದು. ಜರ್ಮನಿಯ ಐಸಿಇ 3 ರೈಲಿನಲ್ಲೂ ಸುಳಿಪ್ರವಾಹದ ಬ್ರೇಕಿನ ಜೊತೆಗೆ ಉಜ್ಜುವ ಬ್ರೇಕ್ ಇದೆ. ನನ್ನ ಸೈಕಲ್ಲಿನಲ್ಲಿ ಗುಂಡಿಯನ್ನು ಕೆಳಗೊತ್ತಿದರೆ ರಬ್ಬರ್ ಪ್ಯಾಡ್ ಚಕ್ರವನ್ನು ಕಚ್ಚುತ್ತದೆ. ಮಕ್ಕಳಿರುವ ಮನೆಯವರು ಕೊಳ್ಳುವ ಮುನ್ನ ಆ ಗುಂಡಿಯನ್ನು ಒತ್ತಿ ನೋಡಿ.