.308 ವಿಂಚೆಸ್ಟರೋ, 6.5 ಕ್ರೀಡ್‌ಮೋರೋ?

ತಮ್ಮಾ, ಶಿರಸಿಗೆ ಬಂದಾಗ ಕೇಳಿದ್ದೆಯಲ್ಲ, ಟೆಕ್ಸಾಸ್‌ನಲ್ಲಿ ದೂರದ ಗುರಿಗೆ ಈ ಎರಡು ರೈಫಲ್ ತೋಟೆಗಳಲ್ಲಿ ಯಾವುದು ಅಂತ.

1000 ಗಜವೇ ಗುರಿಯಾದರೆ ಕ್ರೀಡ್‌ಮೋರ್. 2007ರಲ್ಲಿ ಬಂದ ಇದು ದೂರದ ಗುರಿಗೆಂದೇ ಹುಟ್ಟಿದ್ದು. ಇದರ ತೆಳ್ಳನೆ ಉದ್ದ ಗುಂಡು ಕಡಿಮೆ ಇಳಿಯುತ್ತದೆ, ಅಡ್ಡಗಾಳಿಗೂ ಕಡಿಮೆ ಸರಿಯುತ್ತದೆ. ಕಾರವಾರದ ಕಡಲಗಾಳಿ ಗೊತ್ತಲ್ವಾ? ಅಂಥ ಗಾಳಿಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಹೆಗಲಿಗೆ ಒದೆತವೂ ಕಡಿಮೆ.

ಆದರೆ ನಳಿಗೆ ಬೇಗ ಸವೆಯುತ್ತದೆ. ಸುಮಾರು 2,000–3,000 ಗುಂಡಿಗೆ ನಿಖರತೆ ಕುಗ್ಗಬಹುದು. .308ರದ್ದು ಸಾಮಾನ್ಯವಾಗಿ 5,000 ದಾಟುತ್ತದೆ. ತೋಟೆಯ ಖಾಲಿ ಕೇಸಿಗೆ ತಾನೇ ಮತ್ತೆ ಮದ್ದು ತುಂಬಲು ಈಗಷ್ಟೇ ಕಲಿಯುವವನಿಗೂ 1952ರ ಈ ಹಳಬನೇ ಸಲೀಸು. ಹಿತ್ತಾಳೆ ಕೇಸು ಧಾರಾಳ ಸಿಗುತ್ತದೆ. 600 ಗಜದೊಳಗೆ ಜಾಸ್ತಿ ಅಭ್ಯಾಸ ಮಾಡುವುದಾದರೆ ನಾನು .308 ಅನ್ನುತ್ತೇನೆ. ಯಾವುದೇ ಆಗಲಿ, ಮದ್ದನ್ನು ಕೈಪಿಡಿಯ ಕನಿಷ್ಠ ಅಳತೆಯಿಂದಲೇ ಶುರು ಮಾಡು.